ಆಕ್ಷೇಪವಿಲ್ಲದ ನಿದ್ದೆ

ಮಂತ್ರಿಗೆ ನಿದ್ದೆ ಬರಿಸಬೇಕಿತ್ತು. ಮಾತ್ರೆ ಬೆರೆಸದೆ, ಮಂತ್ರ ಹಾಕಿಸದೆ, ಬರೀ ಊಟದಿಂದ.

ಅದಕ್ಕೇ ಐಕಾಂಡೆ ಮಸಾವೆ ಬೆಳಗ್ಗೆಯೇ ಅಡುಗೆಮನೆಗೆ ಹೋಗಿ ನಿಂತಿದ್ದಳು. ಅಕ್ಕಪಕ್ಕದ ದೇಶಗಳ ಒಕ್ಕೂಟದ ಮಂತ್ರಿಗಳ ಸಭೆಯ ಅಧ್ಯಕ್ಷೆ ಸೌಟು ಹಿಡಿದದ್ದನ್ನು ಅರುಶಾ ಪಟ್ಟಣದ ಆ ಸಭಾಭವನದ ಅಡುಗೆಯವರು ಹಿಂದೆಂದೂ ಕಂಡಿರಲಿಲ್ಲ. ಬಾಳೆಕಾಯಿ ಮಾಂಸ ಕೂಡಿಸಿ ಬೇಯಿಸಿದ ಮ್ತೋರಿ ಗಟ್ಟಿಯಾಗಿರಲಿ, ಪಲಾವಿಗೆ ತುಪ್ಪ ಧಾರಾಳವಾಗಿರಲಿ, ಸುಟ್ಟ ಮೇಕೆಯ ಕೊಬ್ಬಿನ ತುಂಡುಗಳೆಲ್ಲ ಒಂದೇ ತಟ್ಟೆಗೆ ಬೀಳಲಿ, ಕೊನೆಗೆ ಮೊಸರು ಮರೆಯಬೇಡಿ ಎಂದಳು. ಆ ತಟ್ಟೆ ಯಾರದೆಂದು ಯಾರೂ ಕೇಳಲಿಲ್ಲ.

ತಟ್ಟೆ ನೆರೆದೇಶದ ವ್ಯಾಪಾರ ಮಂತ್ರಿ ಕತೆರೆಗ್ಗಾ ಅವರದು. ಗಡಿಯ ಹೆಂಗಸರು ತಲೆಯ ಮೇಲೆ ಹೊತ್ತು ದಾಟಿಸುವ ಟೊಮೆಟೊ, ಕಾಳು, ಒಣಮೀನುಗಳನ್ನು ಸುಂಕದ ಕಟ್ಟೆಯಲ್ಲಿ ತಡೆಯಬಾರದು ಎಂಬ ಕಾನೂನು ಸಭೆಗೆ ಬಂದಾಗಲೆಲ್ಲ ಈ ಮನುಷ್ಯ ‘ಬೇಡ’ ಎಂದಿದ್ದರು. ಒಕ್ಕೂಟದ ನಿಯಮ ಅಂಥದ್ದು. ಎಲ್ಲ ದೇಶಗಳ ಕುರ್ಚಿಯೂ ತುಂಬಿರಬೇಕು, ಒಬ್ಬರೂ ಬೇಡ ಅನ್ನಬಾರದು. ಒಂದು ಕುರ್ಚಿ ಖಾಲಿಯಾದರೂ ಕಾನೂನು ಬಿತ್ತು, ಒಂದು ಬಾಯಿ ತೆರೆದರೂ ಬಿತ್ತು. ಸುಮ್ಮನೆ ಕೂತಿದ್ದರೆ ಒಪ್ಪಿದ ಹಾಗೆ.

ಲಾರಿ ಸಾಹುಕಾರರು ಕತೆರೆಗ್ಗಾ ಅವರ ಸರ್ಕಾರಕ್ಕೆ ಬೇಕಾದವರು. ಹಾಗಾಗಿ ಲಾರಿಗಳು ಹಾರನ್ ಹೊಡೆದುಕೊಂಡು ದಾಟುತ್ತಿದ್ದವು. ಹೆಂಗಸರು ಬಿಸಿಲಲ್ಲಿ ಕಾಯುತ್ತಿದ್ದರು, ಕಾಯಲಾಗದವರು ಕಳ್ಳದಾರಿ ಹಿಡಿದು ಹೊಳೆ ಹಾಯುತ್ತಿದ್ದರು. ಐಕಾಂಡೆಯ ಅಕ್ಕ ನ್ದೆಶಿ ಹಾಗೆ ಹಾಯಲು ಹೋಗಿಯೇ ಜಾರಿ ಬಿದ್ದು ಸೊಂಟ ಮುರಿದುಕೊಂಡದ್ದು. ಈಗ ಅವಳ ಮಗಳು ಅದೇ ಬುಟ್ಟಿ ಹೊತ್ತು ಅದೇ ಹೊಳೆಗೆ ಇಳಿಯುತ್ತಿದ್ದಳು.

ಇವತ್ತು ಐಕಾಂಡೆಯ ಅಧ್ಯಕ್ಷಗಿರಿಯ ಕಡೇ ದಿನ. ಸರದಿಯ ಪ್ರಕಾರ ನಾಳೆಯಿಂದ ಆ ಕುರ್ಚಿ ಕತೆರೆಗ್ಗಾ ಅವರ ದೇಶಕ್ಕೆ. ಆಮೇಲೆ ಈ ಕಾನೂನನ್ನು ಹುಡುಕಬೇಕಾದರೆ ಗುದ್ದಲಿಯೇ ಬೇಕು.

ನಿದ್ದೆ ಮಾಡುತ್ತಿರುವ ಮಂತ್ರಿ ಹಾಜರಿದ್ದಂತೆ ಲೆಕ್ಕವೇ ಎಂದು ಅವಳು ಕಾನೂನು ಸಲಹೆಗಾರ ಕಿಪ್ರೊನೊನನ್ನು ಮೊದಲೇ ಕೇಳಿಕೊಂಡಿದ್ದಳು.

"ಲೆಕ್ಕಕ್ಕಿಲ್ಲ ಅಂದ್ರೆ ನಮ್ಮ ಒಕ್ಕೂಟದಲ್ಲಿ ಇಲ್ಲೀತನಕ ಒಂದು ಕಾನೂನೂ ಆಗ್ತಿರ್ಲಿಲ್ಲ ಅಮ್ಮಾ," ಎಂದಿದ್ದ ಅವನು.

ಕತೆರೆಗ್ಗಾ ಸಣಕಲು ಮನುಷ್ಯ. ಪ್ರತಿ ಸಭೆಯಲ್ಲೂ ಒಂದು ಬಾಳೆಹಣ್ಣು, ಲೋಟದ ಮೇಲೆ ಲೋಟ ಕಪ್ಪು ಕಾಫಿ, ಅಷ್ಟರಲ್ಲೇ ಊಟ ಮುಗಿಸುವವರು. ಇವತ್ತು ಅದೇನು ಹಸಿವೋ, ಮ್ತೋರಿಯನ್ನು ಕೇಳಿ ಹಾಕಿಸಿಕೊಂಡರು. ಕಾಫಿ ತಂದವನಿಗೆ ಡಾಕ್ಟರು ಬಿಡು ಅಂದಿದ್ದಾರೆ ಎಂದು ಕೈ ಅಡ್ಡ ಹಿಡಿದರು. ಐಕಾಂಡೆ ಮನಸ್ಸಿನಲ್ಲೇ ದೇವರಿಗೂ ಡಾಕ್ಟರಿಗೂ ಕೈಮುಗಿದಳು.

"ಈ ಟೊಮೆಟೊ ಯಾವ ಕಡೇದು ತಂಗಿ?" ಎಂದು ಅವರು ತಟ್ಟೆಯಿಂದ ಒಂದು ಹೋಳು ಎತ್ತಿ ಕೇಳಿದರು.

"ನಿಮ್ಮ ಕಡೇದೇ ಅಣ್ಣ. ನಿಮ್ಮ ಕಟ್ಟೇಲಿ ಕೊಳೀದೆ ಉಳಿದದ್ದು."

ಕತೆರೆಗ್ಗಾ ಬೇಸರಪಟ್ಟುಕೊಳ್ಳಲಿಲ್ಲ. "ನಮ್ಮಮ್ಮನೂ ಬುಟ್ಟಿ ಹೊತ್ತವಳೇ. ಏನ್ಮಾಡೋದು, ಈ ಬಾಯಿನ ಬೇಡ ಅನ್ನೋಕೇ ಅಂತ ಕಳ್ಸಿದಾರೆ. ಖಾಲಿ ಇದ್ರೆ ಅದನ್ನೇ ಅನ್ನುತ್ತೆ. ಇನ್ನೊಂದು ತುಂಡು ಹಾಕ್ಸು."

ಹೊಟ್ಟೆಬಾಕನ ಮಾತು ಎಂದು ಅವಳು ನಕ್ಕು ಹಾಕಿಸಿದಳು.

ಉಳಿದಿದ್ದ ತೊಡಕು ಸೆಂಪಾ. ಹೆಸರಿಗೆ ಕತೆರೆಗ್ಗಾ ಅವರ ಸಹಾಯಕ, ಅಸಲಿಗೆ ಅವರ ಮೇಲೆ ಕಣ್ಣಿಡಲು ರಾಜಧಾನಿಯಿಂದ ಬಂದವನು. ಮಂತ್ರಿಯ ಬೆನ್ನ ಹಿಂದೆ ಕೂತು, ರೆಪ್ಪೆ ಭಾರವಾದರೆ ತಿವಿಯುವುದೇ ಅವನ ಉದ್ಯೋಗ. ಅವನನ್ನು ಹೊರಗೆ ಕಳಿಸುವ ದಾರಿ ಐಕಾಂಡೆಗೆ ಹೊಳೆದಿರಲಿಲ್ಲ. ಅದೃಷ್ಟ ನೋಡಿ, ಸಭೆ ಕೂಡುವ ಹೊತ್ತಿಗೆ ಕತೆರೆಗ್ಗಾ ಅವರೇ ಕನ್ನಡಕ ಹೋಟೆಲಿನಲ್ಲಿ ಬಿಟ್ಟು ಬಂದೆ, ತಾ ಎಂದು ಅವನನ್ನು ಓಡಿಸಿದರು. ಆಮೇಲೆ ತೇಗುತ್ತಾ ಕೋಟು ಬಿಚ್ಚಿ ಕುರ್ಚಿಗೆ ನೇತುಹಾಕಿದರು. ಸರದಿಯಲ್ಲಿ ಮುಂದಿನವರಾದ್ದರಿಂದ ಅವರ ಕುರ್ಚಿ ಐಕಾಂಡೆಯ ಪಕ್ಕದಲ್ಲೇ ಇತ್ತು. ಕೋಟಿನ ಜೇಬಿನಲ್ಲಿ ಉದ್ದನೆಯ ಡಬ್ಬಿಯೊಂದು ಉಬ್ಬಿಕೊಂಡಿದ್ದು ಅವಳಿಗೆ ಕಂಡಿತು. ಉಳಿದ ಮಾಂಸವನ್ನೂ ಕಟ್ಟಿಸಿಕೊಂಡರೇನೋ ಎಂದುಕೊಂಡಳು.

ಪರದೆಗಳನ್ನು ಎಳೆಸಿದಳು. ಸರೋವರದ ಮೀನುಗಾರಿಕೆಯ ವರದಿ ಓದಲು ಕಿಪ್ರೊನೊನಿಗೆ ಹೇಳಿದಳು. ಹಲ್ಲು ಬರುತ್ತಿರುವ ಕೂಸೂ ಮಲಗಿಬಿಡುವಂಥ ದನಿ ಅವನದು. ವರದಿ ಮೀನಿನ ಮರಿಗಳವರೆಗೆ ಬರುವಷ್ಟರಲ್ಲಿ ಕತೆರೆಗ್ಗಾ ಅವರ ಗಲ್ಲ ಎದೆಗೆ ಬಿತ್ತು, ಗೊರಕೆ ಶುರುವಾಯಿತು. ಆಚೆ ಕಡೆ ಇನ್ನಿಬ್ಬರು ಮಂತ್ರಿಗಳದ್ದೂ ಶುರುವಾಯಿತು. ಅವರು ಹೇಗೂ ಒಪ್ಪಿದವರು, ಮಲಗಲಿ.

ಐಕಾಂಡೆ ಗಡಿಯ ಹೆಂಗಸರ ಕಾನೂನನ್ನು ಎತ್ತಿಕೊಂಡು ಜೋಗುಳದ ದನಿಯಲ್ಲಿ ಓದಿದಳು. ಬಳಿಕ ನಿಯಮದಂತೆ ಕೇಳಿದಳು. "ಯಾರದಾದರೂ ಆಕ್ಷೇಪ ಇದೆಯೇ?"

ಗೊರಕೆ ನಿಂತಿತು.

ಐಕಾಂಡೆ ಕಾಗದದಿಂದ ತಲೆ ಎತ್ತಿದಳು. ದೂರದ ಮೆಟ್ಟಿಲುಗಳ ಮೇಲೆ ಸೆಂಪಾನ ಬೂಟಿನ ಸದ್ದು ಕೇಳಿಸಿತು. ಕಿಪ್ರೊನೊ ಬಾಗಿಲಿನತ್ತ ನೋಡಿದ. ಕತೆರೆಗ್ಗಾ ತುಟಿ ಚಪ್ಪರಿಸಿದರು, ಕುರ್ಚಿಯಲ್ಲಿ ಸ್ವಲ್ಪ ಜರುಗಿದರು. ಮರುಕ್ಷಣ ಗೊರಕೆ ಮತ್ತೆ ಹೊರಟಿತು, ಮೊದಲಿಗಿಂತ ಜೋರಾಗಿ, ನೀರಿನ ಲೋಟ ಅದುರುವಷ್ಟು.

ಇನ್ನು ಉಳಿದದ್ದು ಮರದ ಸುತ್ತಿಗೆ. ಅದು ಮೇಜಿನ ಮೇಲೆ ಬಿದ್ದರೇ ಕಾನೂನು. ಸಂಭ್ರಮದಲ್ಲಿ ಐಕಾಂಡೆಯ ಕೈ ತಲೆಗಿಂತ ಮೇಲಕ್ಕೆ ಹೋಯಿತು.

ಪಕ್ಕದ ಕುರ್ಚಿಯಿಂದ, ಎರಡು ಗೊರಕೆಗಳ ನಡುವೆ, ಮುಚ್ಚಿದ ಕಣ್ಣು ತೆರೆಯದೆ ಕತೆರೆಗ್ಗಾ ಪಿಸುಗುಟ್ಟಿದರು: "ಮೆಲ್ಲಗೆ ಬಡಿ ತಂಗಿ. ನಂಗೆ ಎಚ್ಚರ ಆದ್ರೆ ಬೇಡ ಅನ್ನಲೇಬೇಕಾಗುತ್ತೆ."