ಬೆಣೆ ಬಡಿದ ಬಾಗಿಲು

ಕೃಷ್ಣಾಜಿಯ ಮೊದಲ ಏಟಿಗೇ ಮಾಂತುವಿನ ಮೂಗಿನಿಂದ ರಕ್ತ ಇಳಿಯಿತು. ಎರಡನೆಯ ಏಟಿಗೆ ಅವನು ಮರದ ಹೊಟ್ಟಿನ ಮೇಲೆ ಬಿದ್ದ.

“ಮುಕ್ತಾ ಎಲ್ಲಿದಾಳ, ಬೊಗಳು.”

“ನನಗ ಗೊತ್ತಿಲ್ರಿ ಮಾಲಕರ.”

ಗೊತ್ತಿಲ್ಲದೆ ಏನು? ಕೃಷ್ಣಾಜಿಯ ತಂಗಿ ಮುಕ್ತಾ ಬೆಳಿಗ್ಗೆ ಬಿಬವೇವಾಡಿಯ ಮನೆ ಬಿಟ್ಟು ಓಡಿಹೋಗಿದ್ದಳು. ಕರೆದುಕೊಂಡು ಹೋದವನು ಸಂಜು. ಇದೇ ಷೆಡ್ಡಿನ ಬಡಗಿ, ಈ ಮಾಂತುವಿನ ಅಕ್ಕನ ಮಗ. ಧಾರವಾಡದಿಂದ ಪುಣೆಗೆ ಬಂದು ಅಪ್ಪ ಕಟ್ಟಿದ ಮರ್ಯಾದೆ ಆಳಿನ ಕೈ ಹಿಡಿದು ಹೊರಟುಹೋಗಿತ್ತು. ಕೃಷ್ಣಾಜಿಯ ಪಿತ್ತ ನೆತ್ತಿಗೇರಿತ್ತು.

ತಮ್ಮ ಅಮೇಯನನ್ನು ಅವನು ದೌಂಡ ಸ್ಟೇಷನ್ನಿಗೆ ಅಟ್ಟಿದ್ದ. ಸೋಲಾಪುರದ ಗಾಡಿ ಹತ್ತಲು ಅವರಿಬ್ಬರೂ ಅಲ್ಲಿಗೆ ಬಂದೇ ಬರುತ್ತಾರೆ. ತಾನು ಶಿರೂರು ರಸ್ತೆಯ ಈ ಷೆಡ್ಡಿಗೆ ಬಂದಿದ್ದ. ದಾರಿಯುದ್ದಕ್ಕೂ ಅಮೇಯನಿಗೆ ಫೋನು ಹಚ್ಚಿದ್ದ, ಸಂಪರ್ಕ ಸಿಕ್ಕಿರಲಿಲ್ಲ. ಅಣ್ಣನ ಮಾತನ್ನು ಒಂದು ಸಲಕ್ಕೆ ಕೇಳಿದ ಪ್ರಾಣಿಯೇ ಅಲ್ಲ ಅದು.

ಷೆಡ್ಡಿನೊಳಗೆ ಕೆಲಸದ ಮೇಜು ಉರುಳಿತ್ತು. ಉಳಿ, ಕೀಸುಳಿಗಳು ಚೆಲ್ಲಾಪಿಲ್ಲಿಯಾಗಿದ್ದವು. ಮಾಂತುವಿನ ಅಂಗಿ ತಾನು ಕೈ ಹಾಕುವ ಮೊದಲೇ ಹರಿದಿತ್ತು. ಅವಸರದಲ್ಲಿ ಓಡಾಡಿದ್ದಾರೆ ಎಂದುಕೊಂಡ ಕೃಷ್ಣಾಜಿ.

ನಡುವೆ ಸೌನಾ ನಿಂತಿತ್ತು, ಕರೆಂಟಿನ ಒಲೆಯಿಂದ ಕಾಯುವ ಮರದ ಕೋಣೆ. ಮುಂಬಯಿಯ ಸಾಹುಕಾರನೊಬ್ಬನ ವಿಹಾರದ ಹಡಗು ಯಾಟ್‌ನಿಂದ ಬಿಚ್ಚಿ ಲಾರಿಯಲ್ಲಿ ತಂದು ಜೋಡಿಸಿದ್ದು. ಸಮುದ್ರದ ತಂಗಾಳಿ ಬಿಟ್ಟು ಪೆಟ್ಟಿಗೆಯೊಳಗೆ ಕುಳಿತು ಬೆವರುವ ಜನರೂ ಇದ್ದಾರೆ! ಅವರ ಬೆವರಿಗೆ ಕಪ್ಪಾದ ಹಲಗೆಗಳನ್ನು ಉಜ್ಜಿ ಬಿಳಿ ಮಾಡಿ, ಉಪ್ಪುಗಾಳಿಗೆ ಸೆಡೆತುಹೋದವನ್ನು ಬದಲಿಸಿ, ಎಣ್ಣೆ ಕುಡಿಸಿ ಕೊಡುವುದು ಕೃಷ್ಣಾಜಿಯ ಧಂದೆ. ವಾರ್ನಿಷ್ ಹಚ್ಚುವಂತಿಲ್ಲ, ಕಾವಿಗೆ ಅದು ವಿಷ ಉಗುಳುತ್ತದೆ. ಹಲಗೆಗಳ ಹಿಂದೆ ಸುತ್ತಲೂ ಅಲ್ಯುಮಿನಿಯಂ ಹಾಳೆ, ಅದರಾಚೆ ಕಾವು ತಡೆಯುವ ದಪ್ಪ ಉಣ್ಣೆ. ಒಳಗೆ ಹೊಕ್ಕರೆ ಹೆಂಡತಿಯ ಫೋನು ಕೂಡ ಮುಟ್ಟುವುದಿಲ್ಲ ಎಂದು ಗಿರಾಕಿಗಳನ್ನು ಅವನೇ ನಗಿಸುತ್ತಿದ್ದ. ಬಾಗಿಲಿಗೆ ಚಿಲಕ ಇಡುವ ರೂಢಿಯಿಲ್ಲ. ತಲೆ ಸುತ್ತಿದವನು ತಳ್ಳಿದರೆ ಸಾಕು, ತೆರೆದುಕೊಳ್ಳಬೇಕು.

ಆ ಬಾಗಿಲಿಗೆ ಈಗ ಹೊರಗಿನಿಂದ ಬೆಣೆ ಬಡಿದಿತ್ತು.

“ಇದ್ಯಾಕ?”

“ಎಣ್ಣಿ ಹಚ್ಚೇನ್ರಿ. ಧೂಳ ಕುಂಡ್ರತದ, ನಾಳಿ ತನಾ ತೆಗೀಬಾರದ್ರಿ.”

ಕೃಷ್ಣಾಜಿ ಅವನ ಕೈ ಎಳೆದು ಮೂಸಿದ. ಎಣ್ಣೆಯ ಸುಳಿವಿಲ್ಲ. ಅಂಗೈ ತುಂಬ ಒಣ ಹೊಟ್ಟು.

“ಸುಳ್ಳು ಹೇಳಾಕೂ ಬರೂದಿಲ್ಲಲೇ ನಿನಗ!” ಎಂದು ಅಬ್ಬರಿಸಿದ.

ಅವನ ದನಿ ಏರಿದ್ದೇ ತಡ, ಒಳಗಿನಿಂದ ಬಾಗಿಲು ಬಡಿಯತೊಡಗಿತು. ದಬದಬ, ದಬದಬ. ಕೂಗು ಉಣ್ಣೆಯಲ್ಲಿ ಹೂತುಹೋಗಿ ಬರಿಯ ಗುಂಯ್‌ಗುಡುವಿಕೆ ಕೇಳುತ್ತಿತ್ತು.

ಕೃಷ್ಣಾಜಿ ನಕ್ಕ. ಅಂತೂ ಸಿಕ್ಕರು. ಇಬ್ಬರನ್ನೂ ಒಳಗೆ ಅಡಗಿಸಿ ಹೊರಗೆ ಬೆಣೆ ಬಡಿದಿದ್ದಾನೆ ಕಳ್ಳ. ಅವನು ಗೋಡೆಯ ಬಳಿ ಹೋಗಿ ಒಲೆಯ ಸ್ವಿಚ್ಚು ಒತ್ತಿದ. ಕಾವಿನ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದ.

ಮಾಂತುವಿನ ಮುಖ ಬಿಳಿಚಿತು. “ಮಾಲಕರ, ಬ್ಯಾಡ್ರಿ! ಒಳಗಿರೂದು ನಿಮ್ಮದ ರಕ್ತರಿ!”

“ಆ ರಕ್ತದ ಋಣ ಇವತ್ತಿಗೆ ಹರೀತು. ಕೊಡಲಿ ಕಾವು ಕುಲಕ್ಕ ಮೃತ್ಯು.”

“ಹಂಗಲ್ರಿ, ನಾ ಹೇಳೂದರ ಕೇಳ್ರಿ, ಒಳಗ—”

ಕೃಷ್ಣಾಜಿ ಮರದ ಕೊಡತಿ ಎತ್ತಿ ಅವನ ಬಾಯಿಗೇ ಬೀಸಿದ. ದವಡೆ ಲಟ್ಟೆಂದು ಮುರಿಯಿತು. ಆಮೇಲೆ ಮಾಂತುವಿನ ಬಾಯಿಂದ ಹಲ್ಲು ಬಂತು, ರಕ್ತ ಬಂತು, ಮಾತು ಬರಲಿಲ್ಲ. ಆದರೂ ಅವನು ಸ್ವಿಚ್ಚಿನತ್ತ ತೆವಳಿದ. ಕೃಷ್ಣಾಜಿ ಅವನ ಕೈಬೆರಳುಗಳನ್ನು ಬೂಟಿನಿಂದ ತುಳಿದು, ಹಗ್ಗದಿಂದ ಷೆಡ್ಡಿನ ಕಂಬಕ್ಕೆ ಬಿಗಿದ.

ಬಡಿತ ಜೋರಾಯಿತು. ಇಡೀ ಕೋಣೆ ನಡುಗಿತು. ಬೆಣೆ ಅಲುಗಿದಾಗ ಕೃಷ್ಣಾಜಿ ಅದನ್ನು ಇನ್ನಷ್ಟು ಒಳಗೆ ಬಡಿದ. ಕಾದ ಮರದ ಘಮ ಷೆಡ್ಡನ್ನೆಲ್ಲ ತುಂಬಿತು.

ಒಮ್ಮೆ ಅವನ ಕೈ ಬೆಣೆಯ ತನಕ ಹೋಯಿತು. ಅವ್ವ ಸತ್ತ ಮೇಲೆ ತಾನೇ ಎತ್ತಿ ಆಡಿಸಿದ ಕೂಸು ಮುಕ್ತಾ. ತುತ್ತು ಮಾಡಿ ಉಣಿಸಿದ್ದು ಇದೇ ಕೈ. ಕಂಬಕ್ಕೆ ಕಟ್ಟಿದ್ದ ಮಾಂತು ತೆಗೆ, ತೆಗೆ ಎಂಬಂತೆ ಹುಚ್ಚನ ಹಾಗೆ ತಲೆಯಾಡಿಸಿದ. ಅದನ್ನು ಕಂಡು ಕೃಷ್ಣಾಜಿಗೆ ಮತ್ತೆ ಮೈ ಉರಿಯಿತು. ಅಳಿಯನನ್ನು ಉಳಿಸಿಕೊಳ್ಳಲು ಎಷ್ಟೊಂದು ಆತುರ ಇವನಿಗೆ! ನಾಳೆ ಬಳಗವೆಲ್ಲ ನಗುವಾಗ ಇವನ ಮನೆಯಲ್ಲಿ ಹೋಳಿಗೆ ಊಟ. ಅವನು ಕೈ ಹಿಂದಕ್ಕೆಳೆದುಕೊಂಡ.

ಬಡಿತ ನಿಧಾನವಾಯಿತು. ಉಗುರು ಕೆರೆದ ಸದ್ದಾಯಿತು. ಆಮೇಲೆ ಅದೂ ನಿಂತಿತು.

ಬಹಳ ಹೊತ್ತಿನ ಮೇಲೆ ಕೃಷ್ಣಾಜಿ ಸ್ವಿಚ್ಚು ಆರಿಸಿದ. ಮುಖ ಮುಚ್ಚಿಕೊಂಡು ಅತ್ತ. “ಮುಕ್ತಾ, ನೀನಽ ಮಾಡಿಕೊಂಡಿ ಇದನ್ನ,” ಎಂದ. ಕಣ್ಣು ಒರೆಸಿಕೊಂಡು ಕೊಡತಿಯಿಂದ ಬೆಣೆ ಹೊಡೆದು ಕೆಡವಿದ.

ಒರಗಿದ್ದ ಭಾರಕ್ಕೆ ಬಾಗಿಲು ತಾನಾಗಿ ತೆರೆಯಿತು. ದೌಂಡಕ್ಕೆ ಹೋಗದೆ, ಅಣ್ಣನಿಗಿಂತ ಮೊದಲೇ ಇಲ್ಲಿಗೆ ನುಗ್ಗಿದ್ದ ಅಮೇಯ ಅವನ ಕಾಲ ಮೇಲೆ ಉರುಳಿಬಿದ್ದ.