ಕೆಡುವ ಫೋಟೊ
ತಂಗಿ ತೆಗೆದ ಫೋಟೊವನ್ನು ಅಕ್ಕ ಕನ್ವರ್ಟರ್ ವೆಬ್‌ಸೈಟಿಗೆ ಏರಿಸಿದಳು. ತಂಗಿ ಕಳಿಸಲಿದ್ದ ಫೋಟೊ ಸ್ಪರ್ಧೆಗೆ ಜೆಪಿಜಿ ಫೈಲೇ ಬೇಕಿತ್ತು. ತಂಗಿಯ ಮೊಬೈಲು ಅದನ್ನು ಬೇರೆ ಫಾರ್ಮ್ಯಾಟಿನಲ್ಲಿ ಉಳಿಸಿತ್ತು. "ನೀನೇ ಬದಲಾಯಿಸಿ ಕೊಡೇ ಅಕ್ಕ. ನಂಗೆ ಇದೆಲ್ಲ ತಲೆಗೆ ಹತ್ತಲ್ಲ," ಎಂದು ತಂಗಿ ಅಕ್ಕನ ಫೋಟೊ ಸ್ಟುಡಿಯೋದ ಸ್ಟೂಲಿನ ಮೇಲೆ ಕಾಲಾಡಿಸುತ್ತ ಕೂತಿದ್ದಳು.

ಪರದೆಯ ಮೇಲೆ ಅಮ್ಮ ಬಾಯಿತುಂಬ ನಗುತ್ತಿದ್ದಳು. ಇಪ್ಪತ್ತು ವರ್ಷ ಕಂಡಕಂಡವರನ್ನೆಲ್ಲ ನಗಿಸಿ ಫೋಟೊ ತೆಗೆದ ಅಕ್ಕನ ಮುಂದೆ ಅಮ್ಮ ಒಮ್ಮೆಯೂ ಹೀಗೆ ನಕ್ಕಿರಲಿಲ್ಲ. ಉದುರಿದ ಹಲ್ಲು ಕಾಣಬಾರದೆಂದು ತುಟಿ ಬಿಗಿದು ಕೂರುತ್ತಿದ್ದಳು. ಇಲ್ಲಿ ಆ ಹಲ್ಲಿನ ಸಂದೂ ಚೆಂದವಾಗಿತ್ತು. ಅಕ್ಕನ ಹೊಟ್ಟೆಗೆ ಬೆಂಕಿ ಬಿದ್ದಂತಾಯಿತು. 'ಗುಣಮಟ್ಟ' ಎಂದಿದ್ದ ಗೆರೆಯ ಮೇಲಿನ ಗುಂಡಿಯನ್ನು ನೂರರಿಂದ ಹತ್ತಕ್ಕೆ ಎಳೆದಳು. ಅಮ್ಮನ ಕೆನ್ನೆ ಚೌಕ ಚೌಕವಾಗಿ ಒಡೆಯಿತು. ತಂಗಿ ಕೇಳಿದರೆ ತಪ್ಪನ್ನು ವೆಬ್‌ಸೈಟಿನ ತಲೆಗೆ ಕಟ್ಟಿದರಾಯಿತು.

"ಅಮ್ಮನ್ನ ಹೇಗೆ ನಗಿಸ್ದೆ?" ಎಂದು ಮಾತ್ರ ಕೇಳದೆ ಇರಲಾಗಲಿಲ್ಲ.

"ನಾನೆಲ್ಲಿ ನಗಿಸ್ದೆ? ಸರಿಯಾಗಿ ಕೂತ್ಕೊಳಮ್ಮ ಅಂದೆ. 'ನಿನ್ನಕ್ಕ ತೆಗೆದ್ರೆ ಗೋಡೆಗೆ ಹಾಕೋ ಫೋಟೊ, ಅವಳ ಮುಂದೆ ಸರಿಯಾಗಿ ಕೂರ್ತೀನಿ. ನಿಂದು ಹೇಗೂ ಕೆಡುತ್ತೆ ಬಿಡು' ಅಂತ ನಕ್ಕುಬಿಟ್ಲು."

ತಂಗಿಯೂ ನಕ್ಕಳು. ಬಿಗಿದ ತುಟಿಯ ಆ ಫೋಟೊಗಳೆಲ್ಲ ಅಮ್ಮ ತನಗೆ ಕೊಟ್ಟ ಮರ್ಯಾದೆ ಎಂದು ಅಕ್ಕನಿಗೆ ಈಗ ತಿಳಿಯಿತು. ಆ ಮರ್ಯಾದೆ ಅವಳಿಗೆ ಬೇಕಿರಲಿಲ್ಲ, ಈ ನಗು ಬೇಕಿತ್ತು. ಗುಂಡಿಯನ್ನು ನೂರಕ್ಕೆ ಮರಳಿಸಿ ಫೈಲನ್ನು ತಂಗಿಯ ಮೊಬೈಲಿಗೆ ಕಳಿಸಿದಳು. ಹೊಟ್ಟೆಯ ಬೆಂಕಿ ಮಾತ್ರ ಆರಲಿಲ್ಲ.