ಮೇಚೇರಿ ಸಂತೆಯ ಮೇಲೆ

ಕೆಳಗಿನ ಮೇಚೇರಿ ಕುರಿಸಂತೆ ಚೆನ್ನಾಗಿ ಕಾಣಲೆಂದು ಬಾಲಾಜಿ ಗುಂಡಿ ಒತ್ತಿ ವಿಮಾನದ ಮೂತಿಯನ್ನು ತುಸು ಬಗ್ಗಿಸಿದ. ಬೆರಳು ತೆಗೆದ ಮೇಲೂ ಅದು ಬಗ್ಗುತ್ತಲೇ ಹೋಯಿತು. ಆಟೋಪೈಲಟ್‌ನ ಚೇಷ್ಟೆ ಇರಬೇಕೆಂದು ಅದನ್ನು ಆಫ್ ಮಾಡಿದ. ಊಹೂಂ. ಸ್ಟೇರಿಂಗನ್ನು ಎದೆಗೆ ಎಳೆದುಕೊಂಡರೆ ಅದು ಹಟಮಾರಿ ಹೋರಿಯ ಹಾಗೆ ಮುಂದಕ್ಕೇ ಜಗ್ಗಿತು.

ಪಕ್ಕದ ಸೀಟಿನಲ್ಲಿ ವಿಮಾನದ ಒಡೆಯ, ಗಿರಣಿ ಮಾಲೀಕ ಮುನುಸ್ವಾಮಿಯ ತಾಯಿ ಚೌಡಮ್ಮ. ಹುಟ್ಟಿದೂರನ್ನು ಒಮ್ಮೆ ಮೇಲಿನಿಂದ ನೋಡಬೇಕೆಂದು ಹಟ ಹಿಡಿದು ಹತ್ತಿದವರು.

"ಯಾಕಪ್ಪಾ ಇಳಿಸ್ತಿದ್ದೀಯಾ? ಇಲ್ಲಿ ಜಾಗ ಎಲ್ಲೈತೆ?"

"ನಾನು ಇಳಿಸ್ತಿಲ್ಲ ಅಮ್ಮಾ, ಅದೇ ಓಯ್ತಾ ಐತೆ!"

ಮೂತಿಯನ್ನು ಹದಕ್ಕೆ ನಿಲ್ಲಿಸುವ ಟ್ರಿಮ್ ಮೋಟಾರು ನಿಲ್ಲದೆ ತಿರುಗುತ್ತಿತ್ತು. ಒತ್ತಿದ ಗುಂಡಿ ಮೇಲೆದ್ದಿರಲೇ ಇಲ್ಲ. ಅದರ ಸಂದಿನಲ್ಲಿ ಗಂಧ ಒಣಗಿ ಕಲ್ಲಾಗಿತ್ತು. ನಿನ್ನೆ ಆಯುಧ ಪೂಜೆ. ಚೌಡಮ್ಮ ಗಿರಣಿಯ ಯಂತ್ರಗಳಿಗೆಲ್ಲ ಬೊಟ್ಟಿಟ್ಟು, ಕೊನೆಗೆ ವಿಮಾನದೊಳಗೂ ಬಂದು ಕಂಡಕಂಡ ಗುಂಡಿಗೆಲ್ಲ ಧಾರಾಳವಾಗಿ ಮೆತ್ತಿದ್ದರು. ಮಾಲೀಕನ ತಾಯಿಗೆ ಬೇಡ ಅನ್ನಲು ಯಾವ ಪೈಲಟ್‌ಗೆ ಬಾಯಿ ಬರುತ್ತದೆ? ಬಾಲಾಜಿ ಬೆಳಗ್ಗೆ ಮೇಲ್ಮೇಲೆ ಒರೆಸಿ ಹೊರಟಿದ್ದ.

ಮೋಟಾರಿನ ಕರೆಂಟು ಕೀಳುವ ಸ್ವಿಚ್ಚು ಚೌಡಮ್ಮನ ಮೊಣಕಾಲಿನ ಮುಂದೆ, ಅಂಥವೇ ಸ್ವಿಚ್ಚುಗಳ ಸಾಲಿನಲ್ಲಿತ್ತು. ಅದಕ್ಕೆ ಕೈ ಚಾಚಬೇಕಾದರೆ ಸ್ಟೇರಿಂಗ್ ಬಿಡಬೇಕು. ಬಿಟ್ಟರೆ ಸಂತೆಯೊಳಕ್ಕೇ. ಆಗಲೇ ಅಕ್ಕಿಕಾಳಿನಂತಿದ್ದ ಕುರಿಗಳಿಗೆ ಕಾಲು ಮೂಡತೊಡಗಿದ್ದವು.

"ಅಮ್ಮಾ, ನಿಮ್ ಮುಂದಿರೋ ಸ್ಟೇರಿಂಗ್ ಇಡ್ಕೊಂಡು ಎಳೀರಿ! ಸೀಕ್ರಂ, ಬೇಗ!"

"ನಂಗೇನಪ್ಪಾ ಗೊತ್ತು ಇದೆಲ್ಲಾ..."

"ಗೊತ್ತಿರೋದು ಬ್ಯಾಡ, ಎಳೀರಿ!"

"ತಾಯೀ ಚೌಡೇಶ್ವರೀ!" ಎಂದು ಚೌಡಮ್ಮ ಸೆರಗು ಸಿಕ್ಕಿಸಿ ಎಳೆದರು. ಅರ್ಧ ಆಯಸ್ಸು ಮಗ್ಗದಲ್ಲಿ ಕಳೆದ ತೋಳು. ಅವರನ್ನು ಆಗ ಯಾರಾದರೂ ಮುದುಕಿ ಎನ್ನಬೇಕಿತ್ತು! ಬಾಲಾಜಿ ಒಂದು ಕೈ ಬಿಟ್ಟು, ಬಗ್ಗಿ, ಸ್ವಿಚ್ಚು ಕಿತ್ತ. ಮೋಟಾರು ನಿಂತಿತು. ಟ್ರಿಮ್ ಚಕ್ರವನ್ನು ಕೈಯಿಂದಲೇ ಹಿಂದಕ್ಕೆ ತಿರುಗಿಸಿದಾಗ ಮೂತಿ ಮೆಲ್ಲಗೆ ಮೇಲೆದ್ದಿತು.

"ಏನಾಗಿತ್ತಪ್ಪಾ?"

"ಗಂಧ, ಅಮ್ಮಾ. ನಾನು ಸರಿಯಾಗಿ ಒರೆಸ್ಲಿಲ್ಲ."

ಚೌಡಮ್ಮ ಆ ಗುಂಡಿಯನ್ನು ನೋಡಿದರು. ಬಾಲಾಜಿ ವಿಮಾನವನ್ನು ಹಿಂದಕ್ಕೆ ತಂದು ಇಳಿಸಿದ.

ರೇಡಿಯೋದಲ್ಲಿ ಸುದ್ದಿ ತಿಳಿದ ಮುನುಸ್ವಾಮಿ ರನ್‌ವೇ ಅಂಚಿನಲ್ಲೇ ಕಾದಿದ್ದ. ಓಡಿ ಬಂದು ಬಾಗಿಲು ತೆಗೆದ.

"ಏನ್ಲಾ, ನಮ್ಮಮ್ಮನ್ನ ಸಾಯ್ಸಕ್ಕೆ ಒಂಟಿದ್ದಾ? ಇವತ್ತಿಗೆ ಮುಗೀತು ನಿನ್ ಕೆಲ್ಸ. ಇಳೀಲಾ ಕೆಳಕ್ಕೆ!"

"ತಪ್ಪು ನಂದೇ ಸಾರ್," ಎಂದ ಬಾಲಾಜಿ.

ಇದ್ದ ಒಂದೇ ಬಾಗಿಲು ಚೌಡಮ್ಮನ ಪಕ್ಕದಲ್ಲಿತ್ತು. ಅವರು ಇಳಿಯದೆ ಅವನು ಇಳಿಯುವಂತಿರಲಿಲ್ಲ. ಅವರು ಎರಡೂ ಕೈಯಿಂದ ಮತ್ತೆ ಸ್ಟೇರಿಂಗ್ ಹಿಡಿದರು.

"ಗಂಧ ಮೆತ್ತಿದವಳು ನಾನು ಕಣ್ಲಾ ಮುನುಸ್ವಾಮಿ. ಇವನ ಕೆಲ್ಸ ಐತೆ ಅನ್ನು, ಇಳೀತೀನಿ."

"ಅಮ್ಮಾ, ಜನ ನೋಡ್ತಾವ್ರೆ. ಅದನ್ನ ಬಿಟ್ಟು ಇಳಿಯಮ್ಮಾ."

"ಮೇಲಿದ್ದಾಗ್ಲೇ ಬಿಡ್ಲಿಲ್ಲ ಕಣ್ಲಾ. ನಿನ್ನ ಮಾತಿಗೆ ಬಿಡ್ತೀನಾ?"